ತುಳಿಯದೆ ನುಡಿಯುವ ಪೆಟ್ಟಿಗೆ

“ಹಲೋ... ಯಾರು ಮಾತಾಡುವುದು? ಬೆಂಜಮಿನಾ?... ಹಾಂ, ನಾನೇ, ವೆರೊನಿಕಾ. ಸ್ವಲ್ಪ ಜೋರು ಹೇಳು ಮಾರಾಯ, ಎಂತದೂ ಕೇಳುವುದಿಲ್ಲ.”

ಕಾಪುವಿನ ಆ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ದೋಣಿಯವರ ಮನೆಯ ವಾರಿಜಕ್ಕನದು. ದುಬೈಯಿಂದ ತಮ್ಮನ ಕರೆ ಎಂದು ವಾರಿಜಕ್ಕ ಬೇಲಿಯಾಚೆಯಿಂದ ಕೂಗಿದಾಗ ವೆರೊನಿಕಾ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಕೈ ತೊಳೆದು ಕುಂಟುತ್ತಲೇ ಅವಸರದಿಂದ ಬಂದವಳಿಗೆ ಇನ್ನೂ ಏದುಸಿರು.

“ಕಾಲಾ?... ಕಾಲು ಉಂಟು, ಎಲ್ಲಿಗೂ ಹೋಗಲಿಲ್ಲ. ನೀನು ಮೊದಲು ನಿನ್ನ ಕೀಬೋರ್ಡಿನ ಕತೆ ಕೇಳು.”

...

“ಚಂದ ಉಂಟಾ ಅಂತ ಕೇಳಿದರೆ ನಾನು ಎಂತ ಹೇಳಲಿ? ಮೆಲ್ಲ ಒತ್ತಿದರೂ ಅಷ್ಟೇ ಸದ್ದು, ಜೋರು ಒತ್ತಿದರೂ ಅಷ್ಟೇ. ಅದಕ್ಕೆ ಮನುಷ್ಯರ ಗುರುತೇ ಇಲ್ಲ.”

ಚರ್ಚಿನಲ್ಲಿ ಹಾಡು ಕಲಿಸಿ ಮಾಸ್ಟರು ಎನಿಸಿಕೊಂಡಿದ್ದ ಅಪ್ಪ ತೀರಿಹೋದ ಮೇಲೆ ಆ ಇಗರ್ಜಿಯ ಕಾಲು ಹಾರ್ಮೋನಿಯಂ ಅವಳ ಪಾಲಿಗೆ ಬಂದಿತ್ತು. ಮದುವೆಯಾಗಲಿಲ್ಲ, ಪ್ರತಿ ಭಾನುವಾರದ ಪೂಜೆಗೂ ತಿದಿ ತುಳಿಯುತ್ತ ನುಡಿಸಿದಳು. ಈಚೆಗೆ ಅವಳ ಮೊಣಕಾಲು ಬಾತುಕೊಳ್ಳತೊಡಗಿತ್ತು. ಕಳೆದ ರಜೆಯಲ್ಲಿ ಬಂದ ಬೆಂಜಮಿನ್ ಅದನ್ನು ನೋಡಿ, ತಾನು ತಂದಿದ್ದ ಕೀಬೋರ್ಡನ್ನು ಇಗರ್ಜಿಗೆ ಕೊಟ್ಟು ಹೋದ. ಹಳೆಯ ಹಾರ್ಮೋನಿಯಂ ಕಾರ್ಕಳದ ಕಡೆಯ ಯಾವುದೋ ಪ್ರಾರ್ಥನಾ ಮಂದಿರಕ್ಕೆ ಸಾಗಿತು.

“ಗೊತ್ತುಂಟು, ನನ್ನ ಕಾಲಿಗಾಗಿಯೇ ತಂದದ್ದು. ಆದರೆ ಬೆನ್ನಿ, ಸಾಲಿನ ಕೊನೆಗೆ ನಾನು ಕಾಲು ಎತ್ತುವಾಗ ಹಾಡುವವರು ಉಸಿರು ತೆಗೆದುಕೊಳ್ಳುತ್ತಿದ್ದರು. ಈಗ ಅವರು ಒಂದು ದಿಕ್ಕು, ನಾನು ಒಂದು ದಿಕ್ಕು... ಹಾಂ?... ಯಾರು ಹೇಳಿದ್ದು ನಿನಗೆ?”

...

“ಹೌದು, ಆಯಿತು ಹಾಗೆ. ಪೂಜೆಯಲ್ಲಿ ಫಾದರ್ ಪವಿತ್ರ ರೊಟ್ಟಿ ಎತ್ತಿ ಹಿಡಿದಿದ್ದರು, ಇಡೀ ಇಗರ್ಜಿ ಮೌನ. ನನ್ನ ಸೆರಗು ತಾಗಿತೋ, ಕೈ ತಾಗಿತೋ, ಪೆಟ್ಟಿಗೆಯೊಳಗಿನ ಆ ಡ್ರಮ್ ಶುರುವಾಯಿತು. ಢುಂ ಚಿಕ್, ಢುಂ ಚಿಕ್. ನಿಲ್ಲಿಸಲಿಕ್ಕೆ ಒಂದು ಗುಂಡಿ ಒತ್ತಿದರೆ ಇನ್ನೂ ಜೋರು... ನೀನು ನಗು. ನಾನು ಅಲ್ಲಿ ಕುಳಿತದ್ದು.”

ವಾರಿಜಕ್ಕ ಒಳಗಿನಿಂದ ಒಂದು ಲೋಟ ನೀರು ತಂದು ಫೋನಿನ ಪಕ್ಕ ಇಟ್ಟಳು. ವೆರೊನಿಕಾ ಮುಟ್ಟಲಿಲ್ಲ.

“ಆ ಹುಡುಗ ಲಿಯೋನೆಲ್ ಇದ್ದಾನಲ್ಲ, ಅವನೂ ಕೆಲವೊಮ್ಮೆ ನುಡಿಸುತ್ತಾನೆ. ಮಣಿಪಾಲದಲ್ಲಿ ಬ್ಯಾಂಕಿನ ಕೆಲಸ, ಶನಿವಾರ ಊರಿಗೆ ಬರುತ್ತಾನೆ. ಎಡಗೈಯ ಒಂದು ಬೆರಳು ಇಟ್ಟರೆ ಸಾಕು ಅವನಿಗೆ, ಉಳಿದದ್ದೆಲ್ಲ ಪೆಟ್ಟಿಗೆಯೇ ಬಾರಿಸುತ್ತದೆ. ಅದಕ್ಕೆ ಜನ ತಲೆದೂಗುತ್ತಾರೆ.”

...

“ನಾನು ಕಲಿಯಲಿಲ್ಲ ಅಂತ ಯಾರು ಹೇಳಿದ್ದು? ದಿನಾ ಸಂಜೆ ಹೋಗಿ ಕುಳಿತಿದ್ದೇನೆ. ಆ ಡ್ರಮ್ಮಿನ ಗುಂಡಿಗಳಿಗೆಲ್ಲ ಅಂಟುಪಟ್ಟಿ ಹಾಕಿ ಮುಚ್ಚಿದೆ. ಮೊನ್ನೆ ಒಂದು ಉಪಾಯ ಸಿಕ್ಕಿತು, ಕೇಳು. ಸಾಲು ಮುಗಿಯುವಾಗ ಎರಡೂ ಕೈ ಎತ್ತಿಬಿಡುತ್ತೇನೆ. ಪೆಟ್ಟಿಗೆ ಬಾಯಿ ಮುಚ್ಚುತ್ತದೆ, ಹಾಡುವವರಿಗೆ ಉಸಿರು ಸಿಗುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯಲಿಕ್ಕೆ ಇಷ್ಟು ದಿನ ಬೇಕಾಯಿತು ನನಗೆ.”

ಹೇಳುತ್ತಿರುವಾಗ ಅವಳ ಬೆರಳುಗಳು ಫೋನಿನ ಮೇಜಿನ ಮೇಲೆ ತಾವಾಗಿಯೇ ಆಡಿದವು.

“ಆದರೆ ಎಂತ ಪ್ರಯೋಜನ? ನಿನ್ನೆ ಫಾದರ್ ಕರೆದು ಹೇಳಿದರು, ಬರುವ ಭಾನುವಾರದಿಂದ ಲಿಯೋನೆಲ್ ನುಡಿಸಲಿ, ನೀವು ವಿಶ್ರಾಂತಿ ತೆಗೆದುಕೊಳ್ಳಿ ಅಂತ. ನಿಮ್ಮ ಮನೆಯವರ ಇಷ್ಟವೂ ಅದೇ ಅಂದರು. ಮನೆಯವರು ಅಂದರೆ ಯಾರು? ನನ್ನ ಮನೆಯಲ್ಲಿ ಯಾರಿದ್ದಾರೆ?”

...

“ಬೆನ್ನಿ?... ಲೈನ್ ಉಂಟಲ್ಲ?... ಯಾಕೆ ಮಾತಾಡುವುದಿಲ್ಲ?”

...

“ನೀನಾ?”

ಅವಳು ಗೋಡೆಗೆ ಒರಗಿ ನಿಂತಳು. ಆಚೆಯಿಂದ ತಮ್ಮ ಒಂದೇ ಸಮನೆ ಮಾತಾಡತೊಡಗಿದ್ದ.

“ಮುಗಿಯಿತಾ?... ಪ್ರೀತಿಯಿಂದಲೇ ಹೇಳಿದ್ದು, ಇಲ್ಲ ಅನ್ನುವುದಿಲ್ಲ. ನೋವು ಕಂಡು ಹೇಳಿದ್ದೀ. ಆದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು ಬೆನ್ನಿ. ವಾರವಿಡೀ ಮೀನು, ಬಟ್ಟೆ, ಬಾವಿ. ಭಾನುವಾರ ಆ ಸ್ಟೂಲಿನ ಮೇಲೆ ಕುಳಿತಾಗ ಮಾತ್ರ ನಾನು ಮಾಸ್ಟರರ ಮಗಳು. ಅದನ್ನೂ ತೆಗೆದರೆ ವಿಶ್ರಾಂತಿ ತೆಗೆದುಕೊಂಡು ನಾನು ಎಂತ ಮಾಡಲಿ?”

...

“ಅಳುವುದಿಲ್ಲ ನಾನು. ಸಿಟ್ಟು ಬಂದದ್ದು... ಹಳೆಯದು ವಾಪಸ್ ಬೇಡ, ಕಾರ್ಕಳದವರಲ್ಲೇ ಇರಲಿ. ನಿನ್ನ ಪೆಟ್ಟಿಗೆಯಲ್ಲೇ ನುಡಿಸುತ್ತೇನೆ. ತಪ್ಪಿದರೆ ತಪ್ಪುತ್ತದೆ. ನೀನು ಫಾದರಿಗೆ ಫೋನ್ ಮಾಡು, ಇವತ್ತೇ. ಅಕ್ಕನೇ ಕುಳಿತುಕೊಳ್ಳಲಿ ಅಂತ ನಿನ್ನ ಬಾಯಿಯಿಂದಲೇ ಹೇಳು. ಹೇಳುತ್ತೀಯಾ?... ಕೇಳಲಿಲ್ಲ. ಹೇಳುತ್ತೀ ಅಲ್ವಾ?... ಬೆನ್ನಿ?... ಹಲೋ... ಹಲೋ...”

ಲೈನ್ ಕಡಿದಿತ್ತು. ಮತ್ತೆ ಬರಬಹುದು, ಕುಳಿತುಕೊಳ್ಳಿ ಎಂದು ವಾರಿಜಕ್ಕ ಕುರ್ಚಿ ಎಳೆದಳು. ವೆರೊನಿಕಾ ಕುಳಿತುಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಅಂಗಳಕ್ಕಿಳಿದು, ತನ್ನ ಮನೆಯ ಗೇಟನ್ನೂ ದಾಟಿ, ನೋಯುವ ಕಾಲನ್ನು ಎಳೆಯುತ್ತ ಇಗರ್ಜಿಯ ಕಡೆಗೆ ನಡೆದಳು.