ಒಳಗೆ ಒಬ್ಬರಿಗೆ ಮಾತ್ರ

ಆಸ್ಪತ್ರೆಯ ವಾರ್ಡಿನ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ ಅಕ್ಕ ತಂಗಿ ಇಬ್ಬರು ಕಾಯುತ್ತಿದ್ದರು. ಅಕ್ಕನ ಮಡಿಲಲ್ಲಿ ಪ್ರಾರ್ಥನೆಯ ಪುಸ್ತಕವಿತ್ತು.

“ದಿನಾ ತಪ್ಪದೆ ಕೈ ಮುಗಿಯೋಳು ನಾನು. ಅಮ್ಮನಿಗೆ ಇದನ್ನ ಓದೋಕೆ ಮಾತ್ರ ದೇವರನ್ನೇ ನಂಬದ ನೀನು ಬೇಕಂತೆ!”

“ನೀನು ಸಾಲುಸಾಲಿಗೂ ನಿಲ್ಲಿಸಿ ಅರ್ಥ ಹೇಳ್ತೀಯಂತೆ ಅಕ್ಕ. ನಾನು ಸುಮ್ನೆ ಓದ್ತೀನಿ.”

“ಓದಿ ಅದೇನು ಮೋಡಿ ಮಾಡಿದ್ಯೋ!”

“ನಿನ್ನೆ ಅಮ್ಮ, ‘ದೇವರು ನಿಜವಾಗ್ಲೂ ಇದಾನೇನೇ?’ ಅಂದ್ಲು. ಗೊತ್ತಿಲ್ಲಮ್ಮ ಅಂದೆ. ‘ನನಗೂ ಗೊತ್ತಿಲ್ಲ ಕಣೆ’ ಅಂತ ನನ್ನ ಕೈ ಹಿಡ್ಕೊಂಡೇ ಮಲಗಿದ್ಲು.”

“ನನ್ನನ್ನ ಒಂದು ದಿನಾನೂ ಕೇಳಲಿಲ್ವಲ್ಲೇ!”

“ಕೇಳೋಕೆ ಮುಂಚೆನೇ ನೀನು ಉತ್ತರ ಹೇಳ್ತಿದ್ಯಲ್ಲ ಅಕ್ಕ.”

ನರ್ಸ್ ಬಾಗಿಲು ತೆರೆದು, ಒಬ್ಬರು ಮಾತ್ರ ಬನ್ನಿ ಎಂದರು. ತಂಗಿ ಎದ್ದಳು. ಅಕ್ಕ ಅವಳ ಕೈಗೆ ಪುಸ್ತಕ ತುರುಕಿದಳು.

“ಇವತ್ತು ನಾನು ಹೋಗ್ತೀನಿ. ಇದು ನಿನ್ನ ಹತ್ರಾನೇ ಇರಲಿ.”