ದರ್ಜಿಯ ಗುಂಡಿಗಳ ಲೆಕ್ಕ

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮೇಲೆ ಕುರ್ಚಿ ಸಿಗದೆ ಮೊದಲ ಸಾಲಿನಲ್ಲಿ ಮುಖ ಊದಿಸಿಕೊಂಡು ಕುಳಿತಿರುವ ಗಣ್ಯರೇ, ಅಂತಿಮ ವರ್ಷದ ವಿದ್ಯಾರ್ಥಿಗಳೇ, ಹಾಜರಿ ತೆಗೆದುಕೊಳ್ಳುತ್ತಾರೆಂಬ ಹೆದರಿಕೆಗೆ ಬಂದಿರುವ ಉಳಿದ ವಿದ್ಯಾರ್ಥಿಗಳೇ, ಮತ್ತು ನನ್ನ ನೆಚ್ಚಿನ ಸಭಿಕರೇ,

ಮೂವತ್ತಮೂರು ವರ್ಷ ಈ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ದುಡಿದು, ಕೊನೆಯ ಹದಿನಾಲ್ಕು ವರ್ಷ ಅದರ ಅಧೀಕ್ಷಕಿಯಾಗಿ ಕೂತು, ಇಂದು ನಿವೃತ್ತಳಾಗುತ್ತಿದ್ದೇನೆ. ನೀವು ನನಗೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದೀರಿ. ಪರೀಕ್ಷಾ ಕೊಠಡಿಗಳಲ್ಲಿ ‘ಇನ್ನು ಹತ್ತೇ ನಿಮಿಷ’ ಎಂದು ಕೂಗಿಕೊಂಡು ಜೀವಮಾನ ಕಳೆದವಳಿಗೆ ಗಡಿಯಾರ! ಆಯ್ಕೆ ಮಾಡಿದ ಸಮಿತಿಯ ಸೂಕ್ಷ್ಮ ಬುದ್ಧಿಗೆ ನನ್ನ ಅಭಿನಂದನೆಗಳು.

ಈಗಷ್ಟೇ ಪ್ರಾಂಶುಪಾಲರು ಮಾತನಾಡುತ್ತಾ, ನಮ್ಮ ಕಾಲೇಜು ಜ್ಞಾನದ ದೀಪ ಎಂದರು. ಹೌದೇ? ಜ್ಞಾನ ಈ ಕಟ್ಟಡದ ಯಾವ ಕೋಣೆಯಲ್ಲಿದೆ? ಗ್ರಂಥಾಲಯದಲ್ಲೇ? ಅಲ್ಲಿ ಎರಡು ತಿಂಗಳು ಕೂತವಳು ನಾನು, ಅಲ್ಲಿ ಫ್ಯಾನಿನ ಕೆಳಗೆ ನಿದ್ದೆ ಇದೆ. ಪ್ರಯೋಗಾಲಯದಲ್ಲೇ? ಅಲ್ಲಿ ಬೀಗ ಇದೆ. ಜ್ಞಾನ ಇರುವುದು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಪ್ರಾಜೆಕ್ಟ್ ವರದಿ ಅಲ್ಲೇ ಸಿಗುತ್ತದೆ, ಹೆಸರು ಮಾತ್ರ ನಿಮ್ಮದು ಹಾಕಿಸಿಕೊಂಡರಾಯಿತು. ಒಂದು ವರ್ಷ ನಲವತ್ತು ಮಂದಿ ಒಂದೇ ವರದಿ ಕೊಟ್ಟರು. ನಲವತ್ತರಲ್ಲೂ ಹದಿನೇಳನೆಯ ಪುಟ ತಲೆಕೆಳಗಾಗಿತ್ತು. ನಲವತ್ತಕ್ಕೂ ಒಳ್ಳೆಯ ಅಂಕ ಬಿತ್ತು. ಓದಿದವರು ಯಾರು, ಬರೆದವರು ಯಾರು, ನೋಡಿದವರು ಯಾರು? ಯಾರೂ ಇಲ್ಲ.

ನಗಬೇಡಿ. ನಾನೂ ಆ ಸಾಲಿನವಳೇ. ಮೂವತ್ತಮೂರು ವರ್ಷ ಪ್ರಶ್ನೆಪತ್ರಿಕೆಗಳನ್ನು ಎಣಿಸಿದ್ದೇನೆ, ಕಟ್ಟು ಕಟ್ಟಿದ್ದೇನೆ, ಅರಗು ಹಾಕಿದ್ದೇನೆ, ಒಡೆದಿದ್ದೇನೆ. ಒಂದನ್ನೂ ಓದಿಲ್ಲ. ಅದರಲ್ಲೂ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಮಗುಚಿಯೇ ಇಡುತ್ತಿದ್ದೆ. ನನ್ನ ಕೈಕೆಳಗಿನ ಹುಡುಗಿಯರು ಅದನ್ನು ಗೌಪ್ಯತೆ ಎಂದುಕೊಂಡಿದ್ದರು. ಗೌಪ್ಯತೆಯೂ ಇಲ್ಲ, ಮಣ್ಣೂ ಇಲ್ಲ. ನೋಡಿದರೆ ಪೆನ್ನು ಹಿಡಿದು ಬಿಡಿಸಲು ಕೂತುಬಿಡುತ್ತಿದ್ದೆ, ಅಷ್ಟೇ.

ಯಾಕೆ ಎಂದು ಕೇಳುತ್ತೀರಾ? ಕೇಳದಿದ್ದರೂ ಹೇಳುತ್ತೇನೆ. ಮೈಕು ನನ್ನ ಕೈಯಲ್ಲಿದೆ.

ನನಗೆ ಒಬ್ಬ ಅಣ್ಣ. ಎರಡೇ ವರ್ಷ ದೊಡ್ಡವನು. ನಾನು ಪದವಿಯ ಮೊದಲ ವರ್ಷವನ್ನು ತರಗತಿಗೇ ಮೊದಲಿಗಳಾಗಿ ಮುಗಿಸಿದಾಗ, ಅಣ್ಣ ಎರಡನೇ ವರ್ಷದಲ್ಲಿ ಎರಡನೇ ಸಲ ಫೇಲಾಗಿದ್ದ. ಇಬ್ಬರದೂ ಒಂದೇ ಸಂಖ್ಯಾಶಾಸ್ತ್ರ, ಒಂದೇ ಕಾಲೇಜು. ಅಂದರೆ ಮುಂದಿನ ವರ್ಷ ಅಣ್ಣ ತಂಗಿ ಒಂದೇ ತರಗತಿಯಲ್ಲಿ ಕೂರಬೇಕು. ನಮ್ಮಪ್ಪ ಅಂಚೆ ಕಚೇರಿಯ ನೌಕರ, ಸಾಧು ಮನುಷ್ಯ. ಎಂದೂ ಯಾರ ಮೇಲೂ ದನಿ ಎತ್ತಿದವರಲ್ಲ. ಅಂದು ಊಟದ ಮೇಜಿನಲ್ಲಿ ಮೆತ್ತಗೆ ಹೇಳಿದರು: "ನೀನು ಟೈಪಿಂಗ್ ಕಲಿಯಮ್ಮ. ತಂಗಿ ಪಕ್ಕ ಕೂತ್ರೆ ಅವನು ತಲೆ ಎತ್ಕೊಂಡು ಓಡಾಡೋದು ಹೇಗೆ?"

ನಾನು ಅಣ್ಣನ ಮುಖ ನೋಡಿದೆ. ಅವನು ಉಪ್ಪಿನ ಡಬ್ಬಿ ನೋಡುತ್ತಿದ್ದ.

ನೋಡಿ, ಶಿಕ್ಷಣದ ಹಾದಿಯ ಆಯ್ಕೆ ಎಂದು ನೀವು ವಿಚಾರ ಸಂಕಿರಣ ಮಾಡುತ್ತೀರಲ್ಲ, ಬಣ್ಣಬಣ್ಣದ ಚಾರ್ಟು ಹಚ್ಚುತ್ತೀರಲ್ಲ, ನನ್ನ ಹಾದಿಯ ಆಯ್ಕೆ ಅಷ್ಟೇ ಹೊತ್ತಿನಲ್ಲಿ ಮುಗಿಯಿತು. ತಟ್ಟೆ ತೊಳೆಯುವಷ್ಟರಲ್ಲಿ ನಾನು ಟೈಪಿಸ್ಟ್ ಆಗಿದ್ದೆ.

ಆ ವರ್ಷ ಹಗಲು ಟೈಪಿಂಗ್ ಕಲಿತೆ. ಸಂಜೆ ಅಣ್ಣನಿಗೆ ಪಾಠ ಹೇಳಿದೆ. ಹೌದು, ನಾನೇ ಹೇಳಿದೆ. ಅಪ್ಪನಿಗೆ ಅದರಲ್ಲಿ ಅವಮಾನ ಕಾಣಲಿಲ್ಲ, ಏಕೆಂದರೆ ಅದು ಅಡುಗೆಮನೆಯ ಒಳಗೆ ನಡೆಯುತ್ತಿತ್ತು. ಪಠ್ಯಪುಸ್ತಕದ ಲೆಕ್ಕ ಅವನ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಅಮ್ಮನ ಹೊಲಿಗೆ ಡಬ್ಬಿ ಎದುರಿಗಿಟ್ಟುಕೊಂಡು ನಾನೇ ಲೆಕ್ಕ ಕಟ್ಟುತ್ತಿದ್ದೆ. ಅಣ್ಣ ಪಾಸಾದ. ಮುಂದೆ ಸ್ನಾತಕೋತ್ತರ ಪದವಿಯನ್ನೂ ಮಾಡಿದ. ಇದೇ ಊರಿನ ಇನ್ನೊಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಪಕನಾದ.

ಈಗ ವಿಷಯಕ್ಕೆ ಬರುತ್ತೇನೆ. ಐವತ್ತನಾಲ್ಕನೇ ವಯಸ್ಸಿನಲ್ಲಿ ನನಗೆ ಬುದ್ಧಿ ಕೆಟ್ಟಿತು. ನಮ್ಮದೇ ಸಂಜೆ ಕಾಲೇಜಿನಲ್ಲಿ ಅದೇ ಸಂಖ್ಯಾಶಾಸ್ತ್ರದ ಪದವಿಗೆ ಸೇರಿದೆ. ಸಹೋದ್ಯೋಗಿಗಳು ಎಷ್ಟು ಪ್ರೋತ್ಸಾಹಿಸಿದರು! "ಮೇಡಂ, ಈ ವಯಸ್ಸಲ್ಲಿ ಯಾಕೆ? ಮೊಮ್ಮಕ್ಕಳನ್ನ ಆಡಿಸ್ಕೊಂಡು ಇರಬಾರ್ದಾ?" ಎಂದವರು ಮೂವರು, ಮೂವರೂ ಇಲ್ಲೇ ಎರಡನೇ ಸಾಲಿನಲ್ಲಿದ್ದಾರೆ. ಮೂರು ವರ್ಷ ತರಗತಿಯಲ್ಲಿ ಕೂತೆ. ಪಾಠ ಎಂದರೆ ಏನು ಅಂದುಕೊಂಡಿರಿ? ಅಧ್ಯಾಪಕರು ಹಳದಿ ಹಾಳೆ ನೋಡಿ ಓದುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಒಮ್ಮೆ ನಾನು ಕೈ ಎತ್ತಿ ‘ಇದು ಯಾಕೆ ಹೀಗೆ, ಸರ್?’ ಎಂದೆ. ಅವರು ಹಾಳೆ ತಿರುಗಿಸಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲ. "ಪರೀಕ್ಷೆಗೆ ಬರಲ್ಲ ಬಿಡಿ" ಎಂದರು.

ಕಳೆದ ವರ್ಷ ಅಂತಿಮ ಪರೀಕ್ಷೆ. ಆ ಎರಡು ತಿಂಗಳು ನನ್ನನ್ನು ನಿಯಮದ ಪ್ರಕಾರ ಪರೀಕ್ಷಾ ವಿಭಾಗದಿಂದ ತೆಗೆದು ಗ್ರಂಥಾಲಯಕ್ಕೆ ಹಾಕಿದ್ದರು. ಕೊನೆಯ ಪತ್ರಿಕೆಯ ದಿನ ಇದೇ ಸಭಾಂಗಣದಲ್ಲಿ, ಆ ಕಂಬದ ಪಕ್ಕ, ಕಾಲು ಅಲ್ಲಾಡುವ ಮೇಜಿಗೆ ಕಾಗದ ಮಡಿಸಿ ಕೊಟ್ಟು ಕೂತೆ. ಪತ್ರಿಕೆ ಬಂತು. ಆರನೇ ಪ್ರಶ್ನೆ, ಹತ್ತು ಅಂಕ. ಒಬ್ಬ ದರ್ಜಿಯ ಡಬ್ಬಿಯಲ್ಲಿ ಅರ್ಧ ಪಾಲು ಬಿಳಿ ಗುಂಡಿ, ಮೂರರಲ್ಲಿ ಒಂದು ಪಾಲು ಕಪ್ಪು ಗುಂಡಿ, ಕಾಲು ಪಾಲು ಕೆಂಪು ಗುಂಡಿ ಇವೆ. ಒಂದನ್ನು ತೆಗೆದು, ನೋಡಿ, ಮತ್ತೆ ಹಾಕಿ, ಇನ್ನೊಂದನ್ನು ತೆಗೆದರೆ ಎರಡೂ ಒಂದೇ ಬಣ್ಣದವಾಗಿರುವ ಸಂಭವ ಎಷ್ಟು?

ಅಂಗಡಿಯಲ್ಲಿ ಹಾಲು ಅಳೆಯುವವರಿಗೂ ಗೊತ್ತಾಗುತ್ತದೆ. ಅರ್ಧ, ಮೂರರಲ್ಲೊಂದು, ಕಾಲು, ಇವನ್ನು ಕೂಡಿಸಿದರೆ ಒಂದನ್ನು ಮೀರುತ್ತದೆ. ಡಬ್ಬಿಯಲ್ಲಿ ಇರುವುದಕ್ಕಿಂತ ಹೆಚ್ಚು ಗುಂಡಿ ಆ ಡಬ್ಬಿಯಲ್ಲಿವೆ! ಸುತ್ತ ನೋಡಿದೆ. ಇನ್ನೂರ ಹನ್ನೊಂದು ತಲೆಗಳು ಬಗ್ಗಿದ್ದವು, ಇನ್ನೂರ ಹನ್ನೊಂದು ಪೆನ್ನು ಓಡುತ್ತಿದ್ದವು. ನನ್ನ ಪೆನ್ನು ಮಾತ್ರ ಓಡಲಿಲ್ಲ. ಏಕೆಂದರೆ ಆ ಲೆಕ್ಕ ನನ್ನದು. ಅಡುಗೆಮನೆಯಲ್ಲಿ, ಅಮ್ಮನ ಡಬ್ಬಿ ನೋಡಿ, ಅಣ್ಣನಿಗಾಗಿ ನಾನೇ ಕಟ್ಟಿದ ಲೆಕ್ಕ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಇರಲಿ, ಬಾಯಿಂದ ಬಂತು.

ನಮ್ಮ ಪತ್ರಿಕೆ ತೆಗೆಯುವುದು ಹೊರಗಿನ ಕಾಲೇಜಿನವರು, ಯಾರೆಂದು ಪರೀಕ್ಷಾ ವಿಭಾಗದಲ್ಲೂ ನಮಗೆ ತಿಳಿಯಬಾರದು. ನನಗೆ ಆ ಕ್ಷಣವೇ ತಿಳಿಯಿತು. ಮುಕ್ಕಾಲು ಗಂಟೆ ಸುಮ್ಮನೆ ಕೂತೆ. ಆಮೇಲೆ ‘ಪಾಲುಗಳ ಮೊತ್ತ ಒಂದಕ್ಕಿಂತ ಹೆಚ್ಚಾಗುತ್ತದೆ, ಪ್ರಶ್ನೆ ತಪ್ಪು’ ಎಂದು ಬರೆದು, ಉಳಿದ ಸಮಯದಲ್ಲಿ ಆದಷ್ಟು ಬರೆದು ಎದ್ದು ಬಂದೆ. ಗೇಟಿನ ಎದುರಿನ ಅಂಗಡಿಗೆ ಹೋಗಿ ಜೀವನದಲ್ಲಿ ಮೊದಲ ಸಲ ಗೈಡ್ ಕೊಂಡೆ. ನಲವತ್ತೆರಡನೇ ಪುಟದಲ್ಲಿ ದರ್ಜಿ ಇದ್ದ. ಹನ್ನೊಂದು ವರ್ಷದಲ್ಲಿ ಐದು ಸಲ ಬಂದ ಪ್ರಶ್ನೆ ಎಂದು ಪಕ್ಕದಲ್ಲಿ ಐದು ನಕ್ಷತ್ರ ಹಾಕಿದ್ದರು. ಉತ್ತರ, ನೂರ ನಲವತ್ತನಾಲ್ಕರಲ್ಲಿ ಅರವತ್ತೊಂದು. ಹನ್ನೊಂದು ವರ್ಷ! ಎಷ್ಟು ಅಧ್ಯಾಪಕರು, ಎಷ್ಟು ಮೌಲ್ಯಮಾಪಕರು, ಎಷ್ಟು ಚಿನ್ನದ ಪದಕದವರು! ಒಬ್ಬರೂ ಮೂರು ಭಿನ್ನರಾಶಿ ಕೂಡಿಸಲಿಲ್ಲ. ದೀಪ ಎಂದರಲ್ಲ ಪ್ರಾಂಶುಪಾಲರೇ, ಯಾವ ದೀಪ?

ಫಲಿತಾಂಶ ಬಂತು. ಉಳಿದೆಲ್ಲ ಪತ್ರಿಕೆಗಳಲ್ಲಿ ಎಪ್ಪತ್ತರ ಮೇಲೆ, ಇದರಲ್ಲಿ ಮೂವತ್ತಾರು. ಆರನೇ ಪ್ರಶ್ನೆಗೆ ಸೊನ್ನೆ. ಪಾಸಾಗಲು ನಲವತ್ತು ಬೇಕು. ನಾನು ಫೇಲು.

ಪ್ರಶ್ನೆಯೇ ತಪ್ಪು ಎಂದು ಬರೆದದ್ದನ್ನು ಅತ್ತಿಗೆಯ ಹತ್ತಿರ ಹೇಳಿದ್ದೆ. ಸಂಜೆ ಅಣ್ಣ ಮನೆಗೆ ಬಂದ. ಕೂರಲಿಲ್ಲ.

"ಗೈಡಲ್ಲಿರೋದನ್ನ ಬರ್ದಿದ್ರೆ ಪಾಸಾಗ್ತಿದ್ದೆ ಅಲ್ವೇನೆ?"

"ಅಣ್ಣ, ಅರ್ಧ, ಮೂರರಲ್ಲೊಂದು, ಕಾಲು. ಕೂಡ್ಸು."

"ಇಷ್ಟು ವರ್ಷದಿಂದ ಕೇಳ್ತಿದೀನಿ. ಯಾರೂ ಒಂದು ಮಾತು ಅಂದಿಲ್ಲ."

"ಅಂದಿಲ್ಲ ಅಂದ್ರೆ ಸರಿ ಅಂತಾನಾ?"

ಅವನು ಕಿಟಕಿಯ ಕಡೆ ತಿರುಗಿದ. "ಅರ್ಜಿ ಗಿರ್ಜಿ ಹಾಕ್ಬೇಡ. ನಂಗಿನ್ನು ಒಂದೇ ವರ್ಷ ಸರ್ವಿಸ್ ಇರೋದು. ಇಷ್ಟು ದಿನ ಡಿಗ್ರಿ ಇಲ್ದೆ ನಿಂಗೇನು ನಿಂತ್ಹೋಗಿತ್ತು ಹೇಳು?"

ಪ್ರಶ್ನೆಯ ಮರುಪರಿಶೀಲನೆಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ಅಲ್ಲಿಯವರೆಗೆ ನನಗೆ ಅನುಮಾನವಿತ್ತು. ಆ ಮಾತು ಕೇಳಿದ ಮೇಲೆ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ.

ಮೂವರು ಪ್ರಾಧ್ಯಾಪಕರ ಸಮಿತಿ ಕೂತಿತು. ಮೂರು ಭಿನ್ನರಾಶಿ ಕೂಡಿಸಲು ಮೂವರಿಗೆ ನಾಲ್ಕು ಸಭೆ ಬೇಕಾದವು, ತಲೆಗೊಂದು ಭಿನ್ನರಾಶಿ ಹಂಚಿಕೊಂಡರೋ ಏನೋ. ಕೊನೆಗೆ ಪ್ರಶ್ನೆ ತಪ್ಪೆಂದು ಒಪ್ಪಿ, ಇನ್ನೂರ ಹನ್ನೆರಡು ಮಂದಿಗೂ ಪೂರ್ತಿ ಹತ್ತು ಅಂಕ ಕೊಟ್ಟರು. ತಪ್ಪು ಕಂಡವರಿಗೂ ಹತ್ತು, ಕಾಣದವರಿಗೂ ಹತ್ತು, ಆ ದಿನ ಕೊನೆಯ ಅರ್ಧ ಗಂಟೆ ನಿದ್ದೆ ಹೋದವನಿಗೂ ಹತ್ತು. ನಾನು ನಲವತ್ತಾರರಲ್ಲಿ ಪಾಸು. ತೇರ್ಗಡೆಯ ಪ್ರಮಾಣ ಏರಿತೆಂದು ವಾರ್ಷಿಕ ವರದಿಯಲ್ಲಿ ಚಪ್ಪಾಳೆ ಹೊಡೆಸಿಕೊಂಡವರು ಯಾರೆಂದು ನಾನು ಹೇಳಬೇಕಾಗಿಲ್ಲ, ಅವರು ಈಗ ನೀರು ಕುಡಿಯುತ್ತಿದ್ದಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎಲ್ಲ ಮುಗಿದ ಮೇಲೆ ಆ ಕಡತ ಬೀರುವಿನಲ್ಲಿಡಲು ನನ್ನ ಮೇಜಿಗೇ ಬಂತು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಒಂದು ಕಡತ ಬಿಚ್ಚಿ ಓದಿದೆ. ಸಮಿತಿ ಕೇಳಿದ ವಿವರಣೆಗೆ ಅಣ್ಣ ಕೈಬರಹದಲ್ಲಿ ಉತ್ತರ ಕೊಟ್ಟಿದ್ದ. ಅಕ್ಷರ ಈಗಲೂ ಎಡಕ್ಕೇ ವಾಲುತ್ತವೆ. ‘ಸದರಿ ಲೆಕ್ಕವನ್ನು ರಚಿಸಿದವಳು ನನ್ನ ತಂಗಿ. ಕಾಲೇಜಿನಲ್ಲಿ ಒಂದೇ ವರ್ಷ ಓದಿದವಳು. ನಾನು ಕಂಡವರ ಪೈಕಿ ಈ ವಿಷಯದಲ್ಲಿ ಅವಳಷ್ಟು ಚುರುಕಾದವರು ಇಲ್ಲ. ಆದ್ದರಿಂದ ಕೂಡಿಸಿ ನೋಡುವ ಅಗತ್ಯ ನನಗೆ ಕಾಣಲಿಲ್ಲ.’

ಅದನ್ನು ಓದಿ ನಾನು ಅತ್ತೆ ಎಂದುಕೊಂಡಿರಾ? ಇಲ್ಲ. ಮೈ ಉರಿದುಹೋಯಿತು. ಇವನಿಗೆ ಗೊತ್ತಿತ್ತು! ಮೂವತ್ತೊಂಬತ್ತು ವರ್ಷದಿಂದ ಗೊತ್ತಿತ್ತು! ಮೂವರು ಅಪರಿಚಿತರಿಗೆ ಬರೆದುಕೊಟ್ಟದ್ದನ್ನು ಅಂದು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲವೇ? ಫೋನ್ ಹಚ್ಚಿದೆ.

"ಅಣ್ಣ, ಆ ತಪ್ಪು ನಂದೇ. ಕೆಂಪು ಗುಂಡಿ ಆರರಲ್ಲೊಂದು ಅಂತ ಬರೀಬೇಕಿತ್ತು, ಅವಸರದಲ್ಲಿ ಕಾಲು ಅಂತ ಬರ್ದುಬಿಟ್ಟೆ."

"ನೀನು ತಪ್ಪು ಮಾಡ್ತೀಯ ಅಂತ ನಂಗೆ ಹೊಳೀಲೇ ಇಲ್ಲ ಕಣೇ."

"ಇದನ್ನ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಹೇಳಿದ: "ಹೇಳಿದ್ರೆ ನೀನು ಬಂದು ನನ್ ಪಕ್ಕದಲ್ಲೇ ಕೂತ್ಕೋತಿದ್ದೆ."

ನಿಜ ಹೇಳಿದ. ಅವನು ನನಗೆ ಹೇಳಿದ ಮೊದಲ ನಿಜ. ಫೋನ್ ಇಟ್ಟು ಕಡತವನ್ನು ಬೀರುವಿಗೆ ಸೇರಿಸಿದೆ. ಪತ್ರಿಕೆ ತೆಗೆಯುವವರ ಪಟ್ಟಿಯಿಂದ ಅವನ ಹೆಸರು ಹೋಯಿತು. ಮೊನ್ನೆ ಅವನೂ ನಿವೃತ್ತನಾದ. ಇಂದಿನ ಆಹ್ವಾನ ಪತ್ರಿಕೆ ಅವನಿಗೂ ಹೋಗಿದೆ. ಬಂದಿದ್ದಾನೋ ಇಲ್ಲವೋ, ಕನ್ನಡಕವಿಲ್ಲದೆ ಹಿಂದಿನ ಸಾಲುಗಳು ನನಗೆ ಕಾಣುವುದಿಲ್ಲ. ಹಾಕಿಕೊಂಡು ನೋಡುವುದೂ ಇಲ್ಲ.

ವಿದ್ಯಾರ್ಥಿಗಳೇ, ನನ್ನ ಕಿಟಕಿಗೆ ಬಂದು ‘ಮೇಡಂ, ಮುಂದೆ ಏನು ಓದಲಿ?’ ಎಂದು ನೀವು ಕೇಳುತ್ತಿದ್ದಿರಿ. ‘ಅರ್ಜಿ ಮೂರನೇ ಕೌಂಟರಿನಲ್ಲಿ’ ಎನ್ನುತ್ತಿದ್ದೆ. ಇಂದಿಗೂ ಅದಕ್ಕಿಂತ ದೊಡ್ಡ ಉತ್ತರ ನನ್ನಲ್ಲಿಲ್ಲ. ನಾನೂ ಕಳೆದ ವಾರ ಆ ಕೌಂಟರಿನಲ್ಲಿ ಸರದಿಯಲ್ಲಿ ನಿಂತು ಸ್ನಾತಕೋತ್ತರ ಪದವಿಯ ಅರ್ಜಿ ತೆಗೆದುಕೊಂಡೆ. ಅದರ ಕೊನೆಯಲ್ಲಿ ‘ವಿದ್ಯಾರ್ಥಿಯ ಸಹಿ’ ಎಂದು ಒಂದು ಗೆರೆ, ‘ಪೋಷಕರ ಸಹಿ’ ಎಂದು ಇನ್ನೊಂದು ಗೆರೆ. ಕೌಂಟರಿನ ಹುಡುಗಿ ಪಾಪ, ಪೆನ್ನು ಕಚ್ಚುತ್ತಾ, "ಇಲ್ಲಿ ಯಾರ್ದು ಹಾಕಿಸ್ತೀರಾ ಮೇಡಂ? ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳಲ್ಲ" ಎಂದಳು. ಎರಡು ಗೆರೆಯ ಮೇಲೂ ನನ್ನದೇ ಸಹಿ ಹಾಕಿ ಕೊಟ್ಟೆ. ಕಂಪ್ಯೂಟರ್ ತೆಗೆದುಕೊಂಡಿತು.

ಗಡಿಯಾರಕ್ಕೂ, ಕುರ್ಚಿಗೂ, ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದ ನಿಮ್ಮ ಸೌಜನ್ಯಕ್ಕೂ ಧನ್ಯವಾದ ಹೇಳಿ, ಸೋಮವಾರ ಸಂಜೆ ಐದೂವರೆಗೆ ನನಗೆ ತರಗತಿ ಇರುವುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಎಲ್ಲರಿಗೂ ನಮಸ್ಕಾರ.