ಸಣ್ಣ ಲೀವರಿನ ಕೆಂಪು ದಾರ

ಡಂಬಳದಿಂದ ಗದಗಕ್ಕೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಜೀಪಿನ ಮಾಲೀಕ ಜಯಂತ, ಪಕ್ಕದಲ್ಲಿ ವಯಸ್ಸಾದ ಮೆಕ್ಯಾನಿಕ್ ಮಹಬೂಬಸಾಬ. ಇಬ್ಬರಿಗೂ ಮೊಣಕಾಲಿನವರೆಗೆ ಎರೆಮಣ್ಣು.

“ಗುಡ್ಡಾ ಹತ್ತೋ ಜೀಪು ಅಂತ ಊರ ತುಂಬ ಹೇಳಿದ್ದೆ, ಮಹಬೂಬಸಾಬ್ರ. ಈಗ ಹೊಲದಾಗ ಹುಗದು ಕೂತದ.”

“ಹಸಿ ಎರಿ ಹೊಲದಾಗ ಎರಡ ಗಾಲಿ ತಿರುಗಿದ್ರ ಹೆಂಗ ಬರತೈತ್ರಿ? ನಾಕೂ ಗಾಲಿ ತಿರುಗಿಸೋ ಸಣ್ಣ ಲೀವರ ಹಾಕಬೇಕಿತ್ತು.”

“ಹಾಕಬೇಕಿತ್ತಲ್ಲ ಮತ್ತ! ಸ್ಟೇರಿಂಗ್ ನಿಮ್ಮ ಕೈಯಾಗ ಇತ್ತು.”

“ಅದನ್ನ ನಿಮ್ಮ ಅವ್ವಾರು ಕೆಂಪು ದಾರದಲೆ ಸೀಟಿನ ಕಾಲಿಗೆ ಬಿಗದಾರ. ಪೂಜಿ ದಾರ, ನಾ ಹೆಂಗ ಬಿಚ್ಚಲಿ? ನೀವ ಬಿಚ್ಚಬೇಕಿತ್ತು.”

“ಅವ್ವ ಕಟ್ಟಿದ್ದು ನಾ ಬಿಚ್ಚಿದ್ರ ಮನಿಯೊಳಗ ಇರಗೊಡ್ತಾಳೇನು?”

“ಮತ್ತ ಗದಗಿನಿಂದ ಕ್ರೇನ್ ತರೂದ. ಅಲ್ಲೀತನಕ ಜೀಪಿನ್ಯಾಗಿನ ಮಾವಿನ ಸಸಿ ಬಿಸಲಾಗ ಬಾಡತಾವ.”

ಜಯಂತ ಸಿಟ್ಟಿನಿಂದ ತಾಯಿ ಅಂಬುಬಾಯಿಗೆ ಫೋನು ಹಚ್ಚಿದ.

“ಅವ್ವಾ, ಜೀಪಿನ ಲೀವರಿಗೆ ಕಟ್ಟಿದ ದಾರ ಬಿಚ್ಚಬಹುದೇನು?”

ಅಂಬುಬಾಯಿಯವರ ದನಿ ಅರ್ಧ ಬಸ್ಸಿಗೆ ಕೇಳಿಸಿತು.

“ಬಿಚ್ಚೋ, ಯಾರು ಬ್ಯಾಡ ಅಂದಾರ? ಅದು ಖಡಖಡ ಸಪ್ಪಳ ಮಾಡ್ತಿತ್ತು. ಪೂಜಿದಾಗ ಉಳದ ದಾರ ಇತ್ತು, ಕಟ್ಟಿದೆ. ಮಹಬೂಬಸಾಬ್ರು ಬಂದು ರಿಪೇರಿ ಮಾಡೋತನಕ ಇರಲಿ ಅಂತ!”

ಜಯಂತ ಫೋನು ಕಿಸೆಗೆ ಹಾಕಿ ಪಕ್ಕಕ್ಕೆ ತಿರುಗಿದ.

“ನಿಮಗ ಹೇಳಿದ್ಲೇನು?”

“ಹೇಳಿದ್ರು ರೀ. ಎಂಟ ತಿಂಗಳಾತು.”

“ಮತ್ತ?”

“ಮುಂದ ಸಪ್ಪಳಾನ ಕೇಳಲಿಲ್ಲರಿ. ತಾನ ರಿಪೇರಿ ಆಗೇತಿ ಅಂತ ಬಿಟ್ಟೆ.”

ಜಯಂತ ಎದ್ದು ಕಂಡಕ್ಟರನನ್ನು ಕೂಗಿದ. ಬಸ್ಸು ನಿಂತಿತು. ಇಬ್ಬರೂ ಇಳಿದು, ಒಬ್ಬರ ಮುಖ ಒಬ್ಬರು ನೋಡದೆ, ಡಂಬಳದ ಕಡೆಗೆ ನಡೆಯತೊಡಗಿದರು.